ಮೇಲಿಂದ ಎರಡನೆಯ ಗುಂಡಿ

ಕಟಿಂಗ್ ಮಾಸ್ಟರು ಬಟ್ಟೆಗೆ ಕತ್ತರಿ ಹಾಕುವುದನ್ನು ನಿಂತು ನೋಡಬೇಕೆಂದರೆ ಮೊದಲು ಊಟ ಮುಗಿಸಿಕೊಂಡು ಬರುವುದು ಒಳ್ಳೆಯದು. ಟೇಪು ಹಿಡಿದು ಒಮ್ಮೆ ಅಳೆಯುತ್ತಾರೆ, ಚೀಟಿ ನೋಡುತ್ತಾರೆ, ಮತ್ತೆ ಅಳೆಯುತ್ತಾರೆ. ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ, ದೂರ ಹೋಗಿ ನಿಂತು ನೋಡುತ್ತಾರೆ, ಹತ್ತಿರ ಬಂದು ಅಳಿಸುತ್ತಾರೆ. ಕತ್ತರಿ ಕೈಗೆ ಬಂತಲ್ಲ ಎಂದು ನಾವು ಉಸಿರು ಬಿಡುವಷ್ಟರಲ್ಲಿ ಅದನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳಲು ಶುರು. "ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು, ಕತ್ತರಿಸಿದ್ದು ಮತ್ತೆ ಅಂಟುತ್ತಾ?" ಎಂಬುದು ಅವರ ಒಂದೇ ಮಾತು. ಈ ಮಾತನ್ನು ಮೂವತ್ತು ವರ್ಷಗಳಿಂದ ಕೇಳಿ ಕೇಳಿ ಅವರ ಹೆಂಡತಿಯ ಕಿವಿ ತೂತು ಬಿದ್ದಿದೆ.

ಒಳ ಹೊಲಿಗೆಯಲ್ಲಿ ಅವರು ಬಿಡುವ ಬಟ್ಟೆಯಂತೂ ಬೀದಿಗೆಲ್ಲ ತಮಾಷೆಯ ವಿಷಯ. ಬೇರೆಯವರು ಒಂದು ಇಂಚು ಬಿಟ್ಟರೆ ಇವರು ಎರಡೂವರೆ ಬಿಡುತ್ತಾರೆ. ಗಿರಾಕಿ ನಾಳೆ ದಪ್ಪ ಆದರೆ? ನಾಡಿದ್ದು ಇನ್ನೂ ದಪ್ಪ ಆದರೆ? ತಮ್ಮ ಮದುವೆಗೆ ಹೊಲಿಸಿದ ಪ್ಯಾಂಟನ್ನು ಎರಡು ಸಲ ಬಿಡಿಸಿಕೊಂಡು ಮಗಳ ಮದುವೆಗೂ ಹಾಕಿಕೊಂಡ ಮಹಾನುಭಾವರು ಆ ಬೀದಿಯಲ್ಲಿ ಮೂವರಿದ್ದಾರೆ.

ಅಂಗಡಿ ಎಂದರೆ ಎರಡು ಮಿಷಿನ್, ಒಂದು ಉದ್ದನೆಯ ಕಟಿಂಗ್ ಮೇಜು, ಗೋಡೆಗೆ ಒಂದು ಕನ್ನಡಿ. ಮೂಲೆಯ ಮಿಷಿನ್ ಹೆಂಡತಿಯದು. ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಗಿರಾಕಿಗಳ ಬಾಯಿಗೆ ಉತ್ತರ ಕೊಡುವುದು ಅವರ ಪಾಲಿನ ಕೆಲಸ. ಬೀದಿಗೆಲ್ಲ ಅವರು ಅಕ್ಕ. ಮಾಸ್ಟರು ದಿನವಿಡೀ ಆಡುವಷ್ಟು ಮಾತನ್ನು ಅಕ್ಕ ಒಂದು ಗುಂಡಿ ಹೊಲಿಯುವಷ್ಟರಲ್ಲಿ ಆಡಿ ಮುಗಿಸುತ್ತಾರೆ.

ಇಂಥ ಮನುಷ್ಯನಿಗೆ ಇರುವುದು ಒಂದೇ ಒಂದು ಚಟ, ಚೆಸ್. ಕಲಿಸಿದವರು ಪಕ್ಕದ ಆಸ್ಪತ್ರೆಯಲ್ಲಿದ್ದ ಕಂಪೌಂಡರು. ವಯಸ್ಸಿನಲ್ಲಿ ಏಳೆಂಟು ವರ್ಷ ದೊಡ್ಡವರು, ಒಂಟಿ ಜೀವ, ನಾಲಿಗೆ ಮಾತ್ರ ಅವರು ಕೊಡುತ್ತಿದ್ದ ಔಷಧಿಗಿಂತ ಕಹಿ. ಇಬ್ಬರೂ ಸೇರಿ ಒಂದು ಮರದ ಪೆಟ್ಟಿಗೆ ಕೊಂಡಿದ್ದರು. ಬಿಚ್ಚಿದರೆ ಹಾಸು, ಮಡಿಸಿದರೆ ಪೆಟ್ಟಿಗೆ, ಒಳಗೆ ಕಡೆದ ಕಾಯಿಗಳು. ಮೂವತ್ತು ವರ್ಷ, ಪ್ರತಿ ಭಾನುವಾರ ಬೆಳಗ್ಗೆ, ಕಂಪೌಂಡರ ಕೋಣೆಯ ಕಿಟಕಿ ಪಕ್ಕ ಆಟ. ಒಂದು ಭಾನುವಾರವೂ ತಪ್ಪಿಲ್ಲ ಎಂದು ಇಬ್ಬರೂ ಹೇಳಿಕೊಳ್ಳುತ್ತಾರೆ. ತಪ್ಪಿದ ಭಾನುವಾರಗಳ ಲೆಕ್ಕ ಅಕ್ಕನಿಗೆ ಗೊತ್ತು, ಇರಲಿ ಬಿಡಿ.

ಮಾಸ್ಟರ ಆಟವೂ ಅವರ ಹೊಲಿಗೆಯ ಹಾಗೇ. ಒಂದು ಕಾಲಾಳನ್ನು ಬಿಟ್ಟುಕೊಡಬೇಕಾದರೂ ಜೀವ ಹೋಗುತ್ತದೆ. ಎಲ್ಲ ಕಾಯಿಗಳನ್ನೂ ಒಂದಕ್ಕೊಂದು ಕಾವಲು ನಿಲ್ಲಿಸಿಕೊಂಡು ಕೂತುಬಿಟ್ಟರೆ ಎದುರಾಳಿ ತಲೆಕೆಳಗಾಗಿ ನಿಂತರೂ ನುಗ್ಗುವಂತಿಲ್ಲ. ಹಾಗೆಂದು ಇವರೂ ಹೊರಗೆ ಬರುವುದಿಲ್ಲ. ಹತ್ತರಲ್ಲಿ ಎಂಟು ಆಟ ಡ್ರಾ.

"ನಿನ್ನ ಜೊತೆ ಆಡೋದೂ ಒಂದೇ, ಗೋಡೆ ಜೊತೆ ಜಗಳ ಆಡೋದೂ ಒಂದೇ ಕಣಯ್ಯಾ" ಎಂದು ಕಂಪೌಂಡರು ಬೈಯುತ್ತಿದ್ದರು. "ಒಂದು ದಿನ ಆದ್ರೂ ಏನಾದ್ರೂ ಕೊಟ್ಟು ನೋಡು."

"ಕೊಟ್ಟಿದ್ದು ವಾಪಸ್ ಬರುತ್ತಾ ಕಂಪೌಂಡ್ರೇ?" ಎನ್ನುತ್ತಿದ್ದರು ಮಾಸ್ಟರು.

ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ಒಂದು ಭಾನುವಾರ ಕಂಪೌಂಡರು ಕಾಯಿಗಳನ್ನು ಜೋಡಿಸಲೇ ಇಲ್ಲ. ಮುಂದಿನ ಶನಿವಾರ ಮಧ್ಯಾಹ್ನದ ಬಸ್ಸಿಗೆ ತಮ್ಮನ ಊರಿಗೆ ಹೊರಟಿದ್ದೇನೆ, ಇನ್ನು ಅಲ್ಲೇ, ಎಂದರು. ತಮ್ಮ ವರ್ಷದಿಂದ ಕರೆಯುತ್ತಿದ್ದಾನಂತೆ. ಮೂರು ತಾಸಿನ ದಾರಿ. ಮಾಸ್ಟರು "ಪೆಟ್ಟಿಗೆ?" ಎಂದರು. ಮೂವತ್ತು ವರ್ಷದ ಸ್ನೇಹಿತ ಊರು ಬಿಡುತ್ತೇನೆ ಅಂದರೆ ಪೆಟ್ಟಿಗೆಯ ವಿಷಯ ಕೇಳುವುದೇ? ಕೇಳಿಬಿಟ್ಟರು ಪಾಪ.

ಕಂಪೌಂಡರು ಅದಕ್ಕೂ ತಯಾರಾಗಿದ್ದರು. "ಬಿಳಿ ನಿನಗೆ, ಕಪ್ಪು ನನಗೆ ಅಂತ ಹಂಚಿಕೊಂಡ್ರೆ ಇಬ್ಬರಿಗೂ ಪ್ರಯೋಜನ ಇಲ್ಲ. ಇದನ್ನ ಬಿಡಿಸು. ನಾನು ಬಸ್ ಹತ್ತೋದರೊಳಗೆ ಬಿಡಿಸಿದ್ರೆ ಪೆಟ್ಟಿಗೆ ನಿನ್ನದು, ಇಲ್ಲಾಂದ್ರೆ ನನ್ನ ಜೊತೆ ಬರುತ್ತೆ" ಎಂದು ಒಂದು ಚೀಟಿ ಕೊಟ್ಟರು. ಹಳೆಯ ಔಷಧಿ ಚೀಟಿ. ಮೇಲೆ ಅಚ್ಚುಕಟ್ಟಾಗಿ ಅರವತ್ನಾಲ್ಕು ಮನೆ, ಅಲ್ಲಲ್ಲಿ ಕಾಯಿಗಳ ಗುರುತು. ಕೆಳಗೆ: ಕಪ್ಪು ಆಡಿ ಐದನೆಯ ನಡೆಗೆ ಚೆಕ್‌ಮೇಟ್. ಅದರ ಕೆಳಗೆ: ದಿನಕ್ಕೆ ಮೂರು ಸಲ, ಊಟದ ನಂತರ.

ಮಾಸ್ಟರಿಗೆ ಆ ಪೆಟ್ಟಿಗೆ ಬೇಕಾಗಿತ್ತು. ಮುಂದಿನ ಭಾನುವಾರ ಬೆಳಗ್ಗೆ ಏನು ಮಾಡುವುದು ಎಂಬುದೇ ಅವರಿಗೆ ಹೊಳೆಯುತ್ತಿರಲಿಲ್ಲ. ಮನುಷ್ಯನಂತೂ ಹೋಗುತ್ತಾನೆ, ಪೆಟ್ಟಿಗೆಯಾದರೂ ಉಳಿಯಲಿ ಎಂಬ ಆಸೆ. ಇದನ್ನು ಅವರು ಅಕ್ಕನ ಹತ್ತಿರವೂ ಹೇಳಲಿಲ್ಲ. ಅಕ್ಕನಿಗೆ ಹೇಳಬೇಕಾಗಿಯೂ ಇರಲಿಲ್ಲ.

ಮರದ ಕಾಯಿಗಳು ಇನ್ನೂ ಕಂಪೌಂಡರ ಮನೆಯಲ್ಲೇ. ಆದ್ದರಿಂದ ಸೋಮವಾರ ಬೆಳಗ್ಗೆ ಮಾಸ್ಟರು ಕಟಿಂಗ್ ಮೇಜಿನ ಒಂದು ತುದಿಯಲ್ಲಿ ಸೀಮೆಸುಣ್ಣದಿಂದ ಮನೆಗಳನ್ನು ಬರೆದರು, ಗುಂಡಿ ಡಬ್ಬಿ ಸುರುವಿದರು. ಶರ್ಟಿನ ಗುಂಡಿಗಳು ಕಾಲಾಳುಗಳಾದವು. ಹುಕ್ಕು ಕುದುರೆಯಾಯಿತು, ಬಕಲ್ ಆನೆ, ದಾರದ ರೀಲು ರಾಜ. ಬಿಳಿಯದೆಲ್ಲ ಎದುರಾಳಿಯದು, ಕಪ್ಪಿನ ಬದಲು ಕಂದು ಬಣ್ಣದ್ದು ತಮ್ಮದು. ತಮ್ಮ ರಾಣಿಗೆಂದು ನಾಲ್ಕು ತೂತಿನ ದೊಡ್ಡ ಕೋಟಿನ ಗುಂಡಿಯೊಂದನ್ನು ಆರಿಸಿ, ಒರೆಸಿ, ಜಾಗದಲ್ಲಿಟ್ಟರು.

"ಈ ಕಡೆ ಯಾರೂ ಕೈ ಹಾಕಬಾರದು" ಎಂದು ಅಪ್ಪಣೆ ಆಯಿತು.

"ಯಾರೂ ಅಂದ್ರೆ ಇಲ್ಲಿ ನಾನೊಬ್ಬಳೇ ಅಲ್ವಾ ಇರೋದು?" ಎಂದರು ಅಕ್ಕ.

ಸಮಸ್ಯೆ ಹೀಗಿತ್ತು. ಬಿಳಿಯ ಆನೆ ಒಂದೇ ನಡೆ ಮುಂದೆ ಬಂದರೆ ಮಾಸ್ಟರ ರಾಜನ ಕಥೆ ಮುಗಿಯಿತು. ಹಾಗಾಗಿ ಅದಕ್ಕೆ ಉಸಿರಾಡಲು ಬಿಡದೆ ಪ್ರತಿ ನಡೆಯಲ್ಲೂ ಬಿಳಿ ರಾಜನಿಗೆ ಚೆಕ್ ಕೊಡುತ್ತಲೇ ಇರಬೇಕು. ಮಂಗಳವಾರದ ಹೊತ್ತಿಗೆ ದಾರಿ ಕಂಡಿತು. ರಾಣಿಯಿಂದ ದೂರದಿಂದಲೇ ಓರೆಯಾಗಿ ಚೆಕ್. ರಾಜ ಮೂಲೆಗೆ ಓಡುತ್ತಾನೆ. ಕುದುರೆಯಿಂದ ಚೆಕ್, ರಾಜ ಮೂಲೆ ಬಿಟ್ಟು ಪಕ್ಕದ ಮನೆಗೆ. ಕುದುರೆ ಆಚೆ ಜಿಗಿದರೆ ಕುದುರೆಯದೂ ರಾಣಿಯದೂ ಒಟ್ಟಿಗೆ ಚೆಕ್. ರಾಜ ಮತ್ತೆ ಮೂಲೆಗೆ. ಆಮೇಲೆ? ಕುದುರೆ ಈಚೆ, ರಾಜ ಪಕ್ಕಕ್ಕೆ. ಕುದುರೆ ಆಚೆ, ರಾಜ ಮೂಲೆಗೆ. ಹೀಗೆ ಬೇಕಾದರೆ ಸಾಯಂಕಾಲದವರೆಗೂ ಆಡಬಹುದು. ಯಾರೂ ಸೋಲುವುದಿಲ್ಲ, ಏನೂ ಕಳೆದುಹೋಗುವುದಿಲ್ಲ. ಮಾಸ್ಟರಿಗೆ ಮಹಾ ಸಂತೋಷವಾಗಿ ಚೀಟಿ ಹಿಡಿದು ಓಡಿದರು.

"ಇದು ಡ್ರಾ" ಎಂದರು ಕಂಪೌಂಡರು, ಹಾಸಿಗೆ ಸುತ್ತಿ ಕಟ್ಟುತ್ತಾ. "ನಾನು ಬರೆದಿರೋದು ಚೆಕ್‌ಮೇಟ್. ಔಷಧಿ ಪೂರ್ತಿ ತಗೊಂಡಿಲ್ಲ ನೀನು." ಆಮೇಲೆ ಒಂದು ಕಂದು ಕೋಟು ತಂದು ಕೊಟ್ಟು, "ಮೇಲಿಂದ ಎರಡನೇ ಗುಂಡಿ ಬಿದ್ದುಹೋಗಿದೆ, ಬಸ್ಸಲ್ಲಿ ಗಾಳಿ ಜಾಸ್ತಿ, ಶುಕ್ರವಾರದೊಳಗೆ ಹಾಕಿಸಿಡು" ಎಂದರು. ಆ ಕೋಟನ್ನು ಇಪ್ಪತ್ತು ವರ್ಷದ ಹಿಂದೆ ಹೊಲಿದಿದ್ದೂ ಮಾಸ್ಟರೇ.

ಬುಧವಾರ, ಗುರುವಾರ ಮಾಸ್ಟರ ತಲೆಗೆ ಹುಳ ಹೊಕ್ಕಿತು. ಹುಕ್ಕನ್ನು ಆಚೆ ಇಡುವುದು, ಈಚೆ ಇಡುವುದು. ಬ್ಯಾಂಕಿನವರೊಬ್ಬರ ಪ್ಯಾಂಟಿಗೆ ಎರಡು ಎಡಗಾಲು ಕತ್ತರಿಸಿಟ್ಟರು. ಮೂವತ್ತು ವರ್ಷದಲ್ಲಿ ಮೊದಲ ಸಲ. ಅಕ್ಕ ಆ ಎರಡು ಕಾಲನ್ನೂ ಎತ್ತಿ ಹಿಡಿದು ನೋಡಿ, ಒಂದು ಮಾತೂ ಆಡದೆ ಮಡಿಸಿಟ್ಟರು. ಅಕ್ಕ ಮಾತಾಡಲಿಲ್ಲ ಎಂದರೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತು ಎಂದು ನೀವೇ ಊಹಿಸಿ.

ಶುಕ್ರವಾರ ಬೆಳಗ್ಗೆ ಮಾಸ್ಟರು ಕುದುರೆಯನ್ನು ಆಚೆಯ ಮನೆಯಲ್ಲಿ, ಬಿಳಿ ರಾಜನನ್ನು ಮೂಲೆಯಲ್ಲಿ ಹಾಗೇ ಬಿಟ್ಟು, ಯಾರದೋ ಮನೆಗೆ ಪರದೆಯ ಅಳತೆ ತೆಗೆಯಲು ಹೋದರು. ಹೋಗುವಾಗ, "ಕಂಪೌಂಡರ ಕೋಟಿಗೆ ಗುಂಡಿ ಹಾಕಿಬಿಡೇ, ಬಂದು ತಗೊಂಡು ಹೋಗ್ತಾರೆ" ಎಂದು ಹೇಳಿ ಹೋಗಿದ್ದರು.

ವಾಪಸ್ಸು ಬಂದು ಮೇಜಿನ ಮುಂದೆ ನಿಂತರೆ ರಾಣಿ ಇಲ್ಲ.

ಮೇಜಿನ ಕೆಳಗೆ ನೋಡಿದರು. ಡಬ್ಬಿ ನೋಡಿದರು. ಅಂಗಡಿಯ ಕಸವನ್ನೆಲ್ಲ ಕೈಯಿಂದ ಕೆದಕಿದರು. "ಏನೇ, ಇಲ್ಲಿದ್ದ ದೊಡ್ಡ ಗುಂಡಿ?"

"ಕೋಟಿಗೆ ಹಾಕ್ದೆ" ಎಂದರು ಅಕ್ಕ, ಮಿಷಿನ್ ನಿಲ್ಲಿಸದೆ.

"ಅದು ರಾಣಿ ಕಣೇ."

"ಕೋಟಿನ ಗುಂಡಿ ರೀ ಅದು. ಡಬ್ಬಿಯೆಲ್ಲಾ ಸುರಿದು ನೋಡ್ದೆ, ಉಳಿದ ನಾಲ್ಕಕ್ಕೆ ಹೊಂದೋದು ಅದೊಂದೇ ಇತ್ತು. ನೀವೇ ಅಲ್ವಾ ಹೇಳೋದು, ಕೋಟಿಗೆ ಬೇರೆ ಬೇರೆ ಗುಂಡಿ ಹಾಕಿದ್ರೆ ಹೊಲಿದವನ ಮಾನ ಹೋಗುತ್ತೆ ಅಂತ? ಅವರು ಬಂದು ತಗೊಂಡೂ ಹೋದ್ರು."

ಮಾಸ್ಟರು ಸ್ಟೂಲಿನ ಮೇಲೆ ಕುಸಿದು ಕೂತರು. ಕೋಪ ಬಂದಿತ್ತು, ಆದರೆ ಯಾರ ಮೇಲೆ ಮಾಡುವುದು? ಮಾತು ತಮ್ಮದೇ. ರಾಣಿ ಇಲ್ಲದ ಮನೆಗಳನ್ನು ದಿಟ್ಟಿಸುತ್ತಾ ಕೂತರು. ಐದು ದಿನವೂ ಅವರ ಕಣ್ಣು ಆ ಗುಂಡಿಯ ಮೇಲೇ ಇತ್ತು. ಅದನ್ನು ಎಲ್ಲಿಟ್ಟರೆ ಕ್ಷೇಮ, ಯಾರೂ ಹೊಡೆಯದ ಹಾಗೆ ಹೇಗೆ ಇಡುವುದು ಎಂಬುದೇ ಚಿಂತೆ. ಈಗ ಕಾಯಲು ಏನೂ ಉಳಿದಿರಲಿಲ್ಲ. ಇದ್ದದ್ದು ಒಂದು ಹುಕ್ಕು, ಅಷ್ಟೇ.

ಹುಕ್ಕನ್ನು ಈಚೆಗೆ ಇಟ್ಟರು. ಚೆಕ್. ಮೂಲೆಯ ರಾಜ ಎಲ್ಲಿಗೆ ಹೋಗಬೇಕು? ಮುಂದೆ ಅವನದೇ ಕಾಲಾಳುಗಳು. ಉಳಿದದ್ದು ಪಕ್ಕದ ಮನೆ ಒಂದೇ. ಅದೊಂದು ತುಂಬಿದ್ದರೆ ಅವನು ಅಲ್ಲಾಡುವ ಹಾಗಿರಲಿಲ್ಲ. ತುಂಬುವವರು ಯಾರು? ಅವನ ಆನೆ ಬಂದು ಕೂರಬೇಕು. ಆನೆ ಸುಮ್ಮನೆ ಯಾಕೆ ಬರುತ್ತದೆ? ಅಲ್ಲಿ ತಿನ್ನಲು ಏನಾದರೂ ಇಟ್ಟರೆ ಬರುತ್ತದೆ.

ಮಾಸ್ಟರು ಹುಕ್ಕನ್ನು ಮತ್ತೆ ಆಚೆ ಇಟ್ಟು ಒಂದೊಂದೇ ಅಳೆದು ನೋಡಿದರು. ರಾಣಿಯನ್ನು ಒಯ್ದು ರಾಜನ ಪಕ್ಕದಲ್ಲೇ ಇಡಬೇಕು. ರಾಜ ಹೊಡೆಯುವ ಹಾಗಿಲ್ಲ, ಆ ಮನೆಗೆ ಕುದುರೆಯ ಕಾವಲಿದೆ. ಬೇರೆ ದಾರಿಯಿಲ್ಲದೆ ಆನೆ ಹೊಡೆಯಲೇಬೇಕು. ಹೊಡೆಯಿತೋ, ರಾಜನ ಕೊನೆಯ ಬಾಗಿಲನ್ನು ಅವನ ಆನೆಯೇ ಮುಚ್ಚಿದಂತೆ. ಆಮೇಲೆ ಕುದುರೆಯ ಒಂದು ಜಿಗಿತ. ಮೂರು ಸಲ ಅಳೆದರು, ನಾಲ್ಕನೆಯ ಸಲವೂ ಅಳೆದರು. ಅಳತೆ ಸರಿಯಾಗಿತ್ತು.

"ಸಿಕ್ತಾ?" ಎಂದು ಕೇಳಿದರು ಅಕ್ಕ.

"ನೀನು ಕೊಟ್ಟುಬಿಟ್ಟಿದ್ಯಲ್ಲೇ" ಎಂದರು ಮಾಸ್ಟರು. ಅಕ್ಕನಿಗೆ ಅರ್ಥವಾಗಲಿಲ್ಲ. ಆದರೆ ಮೂರು ದಿನದಲ್ಲಿ ಮೊದಲ ಸಲ ಗಂಡ ನಗುತ್ತಿದ್ದಾರೆ, ಅಷ್ಟು ಸಾಕಾಯಿತು.

ಶನಿವಾರ ಬಸ್ ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಪೆಟ್ಟಿಗೆ ಬಿಚ್ಚಿಕೊಂಡಿತು. ಕಂಪೌಂಡರು ಕಂದು ಕೋಟು ಹಾಕಿ, ಐದೂ ಗುಂಡಿ ಬಿಗಿದುಕೊಂಡು ಠಾಕುಠೀಕಾಗಿ ಕೂತಿದ್ದರು. ರಾಣಿ ಚೆಕ್, ರಾಜ ಮೂಲೆಗೆ. ಕುದುರೆ ಚೆಕ್, ರಾಜ ಪಕ್ಕಕ್ಕೆ. ಕುದುರೆ ಮತ್ತೆ, ರಾಜ ಮತ್ತೆ ಮೂಲೆಗೆ. "ಮಾಮೂಲಿ ಡ್ರಾ ತಾನೇ?" ಎಂದು ಕಂಪೌಂಡರು ಟಿಕೀಟು ಹುಡುಕತೊಡಗಿದರು. ಮಾಸ್ಟರು ರಾಣಿಯನ್ನು ಎತ್ತಿದರು. ಕೈ ಅರ್ಧದಲ್ಲಿ ನಿಂತಿತು. ಅಭ್ಯಾಸ ಅಷ್ಟು ಬೇಗ ಬಿಟ್ಟೀತೇ? ಆಮೇಲೆ ಕೊಂಡೊಯ್ದು ಬಿಳಿ ರಾಜನ ಮಗ್ಗುಲಲ್ಲೇ ಇಟ್ಟರು.

ಕಂಪೌಂಡರು ಟಿಕೀಟು ಹುಡುಕುವುದನ್ನು ಬಿಟ್ಟರು. ಆನೆಯಿಂದ ರಾಣಿಯನ್ನು ಹೊಡೆದರು. ಕುದುರೆ ಜಿಗಿಯಿತು. ಮುಗಿಯಿತು.

"ಮೂವತ್ತು ವರ್ಷ ಬೇಕಾಯ್ತಲ್ಲಯ್ಯಾ" ಎಂದರು ಕಂಪೌಂಡರು. "ತಗೋ. ಪೆಟ್ಟಿಗೆ ನಿನ್ನದು."

ಮಾಸ್ಟರು ಕಾಯಿಗಳನ್ನು ಒಂದೊಂದಾಗಿ ಒಳಗೆ ಹಾಕಿ, ಮಡಿಸಿ, ಕೊಂಡಿ ಸಿಕ್ಕಿಸಿದರು. ಆಮೇಲೆ ಪೆಟ್ಟಿಗೆಯನ್ನು ಕಂಪೌಂಡರ ಚೀಲದೊಳಗೆ ತುರುಕಿದರು.

"ಏ, ಗೆದ್ದಿದ್ದು ನೀನು."

"ಅದಕ್ಕೇ ಕೊಡ್ತಿರೋದು. ಸೋತಿದ್ರೆ ಕೊಡೋಕೆ ನನ್ನದು ಅಂತ ಏನಿರ್ತಿತ್ತು? ಅಲ್ಲಿ ನಿಮಗೆ ಯಾರೂ ಗೊತ್ತಿಲ್ಲ ಕಂಪೌಂಡ್ರೇ. ಇದಿದ್ರೆ ಯಾರಾದ್ರೂ ಬಂದು ಎದುರಿಗೆ ಕೂತ್ಕೋತಾರೆ. ನನಗೆ ನೀವಿಲ್ಲದ ಭಾನುವಾರ ಹೇಗಿರುತ್ತೋ ಗೊತ್ತಿಲ್ಲ, ನಿಮಗೂ ಹಾಗಾಗೋದು ಬೇಡ." ಹೇಳುತ್ತಲೇ ಮಾಸ್ಟರು ಮುಷ್ಟಿ ಬಿಚ್ಚಿ ತೋರಿಸಿದರು. ಕಪ್ಪು ರಾಣಿ ಅಲ್ಲೇ ಇತ್ತು. "ಇದೊಂದು ಮಾತ್ರ ನನ್ನ ಹತ್ರ ಇರ್ಲಿ."

"ರಾಣಿ ಇಲ್ಲದೆ ಆಡೋದು ಹೇಗಯ್ಯಾ?"

ಮಾಸ್ಟರು ಕೋಟಿನ ಮೇಲಿಂದ ಎರಡನೆಯ ಗುಂಡಿಯನ್ನು ಬೆರಳಿನಿಂದ ತಟ್ಟಿದರು. "ನಿಮ್ಮ ರಾಣಿ ಇಲ್ಲಿದ್ದಾಳೆ. ಆಡೋವಾಗ ಕತ್ತರಿಸ್ಕೊಳ್ಳಿ. ಆಮೇಲೆ ಹಾಕಿಸ್ಕೊಳ್ಳೋಕೆ ಬನ್ನಿ, ಅಷ್ಟೇ."

ಬಸ್ ಹೊರಟಿತು. ಅಕ್ಕ ಪೆಟ್ಟಿಗೆಯಿಲ್ಲದೆ ಬಂದ ಗಂಡನನ್ನು ನೋಡಿ ಬೈಯಲು ಬಾಯಿ ತೆರೆದವರು ಮುಖ ನೋಡಿ ಕಾಫಿಗೆ ನೀರಿಟ್ಟರು.

ಅದಾಗಿ ಮೂರನೆಯ ಭಾನುವಾರ ಬೆಳಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ಕಂಪೌಂಡರು ಚೀಲ ಹಿಡಿದು ನಿಂತಿದ್ದರು. ಕೋಟು ಗಾಳಿಗೆ ತೆರೆದುಕೊಂಡಿತ್ತು. ಎರಡನೆಯ ಗುಂಡಿ ಮಾತ್ರವಲ್ಲ, ಐದಕ್ಕೆ ಐದೂ ಇರಲಿಲ್ಲ. ಒಂದೊಂದನ್ನೂ ನೀಟಾಗಿ ಕತ್ತರಿಸಿ ಜೇಬಿಗೆ ಹಾಕಿಕೊಂಡು ಬಂದಿದ್ದರು.

"ಇಷ್ಟೂ ಹಾಕೋಕೆ ಎಷ್ಟು ಹೊತ್ತು ಬೇಕು ಮಾಸ್ಟರೇ?" ಎಂದು ಗಿರಾಕಿಯ ಹಾಗೆ ಗಂಭೀರವಾಗಿ ಕೇಳಿದರು.

ಹೇಳಿದ ಹೊತ್ತಿಗೆ ಕೊಡದೆ ಒಬ್ಬ ಗಿರಾಕಿಯನ್ನೂ ವಾಪಸ್ಸು ಕಳಿಸದ ಮಾಸ್ಟರು ಕೋಟನ್ನು ಕೈಗೆತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಟೇಪು ಕೊರಳಿಗೆ ಹಾಕಿಕೊಂಡರು.

"ಒಂದು ವಾರ ಆಗುತ್ತೆ" ಎಂದರು.

ಆಗಲೇ ಸೂಜಿಗೆ ದಾರ ಪೋಣಿಸಿದ್ದ ಅಕ್ಕ ಅದನ್ನು ಮೆಲ್ಲಗೆ ಪುಟ್ಟ ಸೂಜಿದಿಂಬಿಗೆ ಚುಚ್ಚಿಟ್ಟು, ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಲು ಜಾಗ ಮಾಡಿದರು.