ನೂರಕ್ಕೆ ಐವತ್ಮೂರು

ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಮೇಡಂ ಅವರ ಎಡಗೈಯ ನರವೊಂದು ಹೆಬ್ಬೆರಳ ಗಾತ್ರಕ್ಕೆ ಉಬ್ಬಿತ್ತು. ಅದನ್ನವರು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿರಲಿಲ್ಲ. ಯಾರಾದರೂ ದಿಟ್ಟಿಸಿದರೆ, "ಮುಟ್ಟಿ ನೋಡ್ರಿ, ಗುಂಯ್ ಅಂತೈತೆ" ಎಂದು ಕೈ ಚಾಚುತ್ತಿದ್ದರು.

ಹೊನ್ನಾಳಿಯ ಕಾಲೇಜಿನಲ್ಲಿ ನನಗೆ ಸಂಖ್ಯಾಶಾಸ್ತ್ರ ಕಲಿಸಿದವರು ಅವರು. ಲೆಕ್ಕ ತಪ್ಪಿದರೆ ಬೈಯುತ್ತಿರಲಿಲ್ಲ. ಪಕ್ಕದವನದ್ದು ನೋಡಿ ಬರೆದರೆ ಮಾತ್ರ ನೋಟ್‌ಬುಕ್ಕನ್ನು ಸತ್ತ ಇಲಿಯಂತೆ ಎರಡೇ ಬೆರಳಲ್ಲಿ ಎತ್ತಿ ಕೊಡುತ್ತಿದ್ದರು. ನಿವೃತ್ತರಾದ ಮೇಲೆ ವಾರಕ್ಕೆರಡು ಸಲ ನ್ಯಾಮತಿಯಿಂದ ಬಸ್ಸಿನಲ್ಲಿ ಹೊನ್ನಾಳಿಗೆ ಬಂದು, ನಾನು ಕಂಪ್ಯೂಟರ್ ಆಪರೇಟರ್ ಆಗಿರುವ ಖಾಸಗಿ ಆಸ್ಪತ್ರೆಯಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು.

ಅಲ್ಲಿ ಡಯಾಲಿಸಿಸ್‌ಗೆ ಬೇಕಾದ ನೀರು ಶುದ್ಧ ಮಾಡುವ ಯಂತ್ರಕ್ಕೆ ಇದ್ದದ್ದು ಒಂದೇ ಪಂಪು. ಸರಾಸರಿ ನಲವತ್ತು ದಿನಕ್ಕೊಮ್ಮೆ ಕೆಡುತ್ತಿತ್ತು. ಕೆಟ್ಟ ದಿನ ಡಯಾಲಿಸಿಸ್ ಇಲ್ಲ. ರೋಗಿಗಳು ಇನ್ನೊಂದು ಪಂಪು ಕೇಳಿದಾಗ ಮಾಲೀಕರು, ಮೂವತ್ತು ದಿನದೊಳಗೆ ಅದು ಕೆಡುವ ಸಾಧ್ಯತೆ ಎಷ್ಟೆಂದು ಎಕ್ಸೆಲ್‌ನಲ್ಲಿ ತೆಗೆಯಲು ನನಗೆ ಹೇಳಿದರು. ಇಂಥ ಸಾಧ್ಯತೆ ಲೆಕ್ಕ ಹಾಕುವ ಎಕ್ಸ್‌ಪಾನ್ ಡಿಸ್ಟ್ ಸೂತ್ರ ಹಾಕಿದೆ: ದಿನ ಮೂವತ್ತು, ಕೆಡುವ ದರ ದಿನಕ್ಕೆ ನಲವತ್ತರಲ್ಲೊಂದು ಪಾಲು, ಕೊನೆಯಲ್ಲಿ 'ಫಾಲ್ಸ್'. ಬಂದದ್ದು 0.0118.

"ನೂರಕ್ಕೆ ಒಂದು!" ಮಾಲೀಕರು ಹಿಗ್ಗಿದರು.

ಕೊನೆಯಲ್ಲಿ 'ಟ್ರೂ' ಹಾಕಿದರೆ ಮಾತ್ರ ಮೂವತ್ತು ದಿನಗಳ ಒಟ್ಟು ಸಾಧ್ಯತೆ ಬರುತ್ತದೆ. 'ಫಾಲ್ಸ್' ಕೊಡುವುದು ಗ್ರಾಫಿನ ಗೆರೆ ಅಲ್ಲಿ ಎಷ್ಟು ಎತ್ತರ ಇದೆಯೆಂಬುದನ್ನಷ್ಟೇ. ಸಂಜೆಯೊಳಗೆ ಇದು ನನಗೆ ನೆನಪಾಯಿತು. ಬಾಯಿ ಬಿಡಲಿಲ್ಲ. ಮರುದಿನ ಮಾಲೀಕರು 'ಪಂಪು ತಿಂಗಳೊಳಗೆ ಕೆಡುವ ಸಾಧ್ಯತೆ ನೂರಕ್ಕೆ ಒಂದು' ಎಂಬ ಚೀಟಿಯನ್ನು ಗೋಡೆಗೆ ಅಂಟಿಸಿದ್ದರು.

ಮೇಡಂ ಅದನ್ನು ಓದಿ ನೇರ ನನ್ನ ಟೇಬಲ್ಲಿಗೆ ಬಂದರು.

"ಸೂತ್ರದ ಕೊನೇಗೆ ಏನ್ ಹಾಕೀಯ?"

"ಫಾಲ್ಸ್, ಮೇಡಂ."

"ಗೊತ್ತಿದ್ದೇ ಹಾಕಿದ್ಯಾ?"

"ಹಾಕುವಾಗ ಗೊತ್ತಿರಲಿಲ್ಲ. ಆಮೇಲೆ ಗೊತ್ತಾತು."

ಹಳಸಿದ ಅನ್ನ ಬಾಯಿಗಿಟ್ಟವರಂತೆ ಮುಖ ಕಿವುಚಿದರು. "ತಪ್ಪಾದ್ರೆ ತಿದ್ದಬೋದಿತ್ತು. ತಿಳಿದೂ ಸುಮ್ನಿದ್ಯಲ್ಲ, ನಿನ್ನ ನೋಡಾಕೆ ಅಸಹ್ಯ ಆಗ್ತೈತೆ ಕಣಪ್ಪ. ಟ್ರೂ ಹಾಕು."

ಹಾಕಿದೆ. 0.5276.

ಆ ಪ್ರಿಂಟು ಹಿಡಿದು ಅವರು ಮಾಲೀಕರ ಕೋಣೆಗೆ ಹೋದರು. ಹಿಂದೆ ನಾನು.

"ಒಂದು ಪದ ಹೆಚ್ಚುಕಮ್ಮಿ ಆಗೈತೆ, ಬಿಡ್ರಿ ಮೇಡಂ. ರೋಗಿಗಳಿಗೆ ಇದೆಲ್ಲಾ ಯಾಕ್ರೀ?" ಎಂದು ಮಾಲೀಕರು ನಕ್ಕರು.

ಮೇಡಂ ಹೊರಬಂದು ಗೋಡೆಯ ಚೀಟಿ ಕಿತ್ತು, ಸರದಿಗೆ ಕೂತಿದ್ದವರಿಗೆ ಹೇಳಿದರು: "ನೂರಕ್ಕೆ ಒಂದಲ್ರಿ, ಐವತ್ಮೂರು. ತಿಂಗಳೊಳಗೆ ಇದು ಉಳಿಯೋದಕ್ಕಿಂತ ಕೆಡೋದೇ ಜಾಸ್ತಿ."

ಸವಳಂಗದ ಟೇಲರ್ ಸಾಹೇಬರು ಎದ್ದರು. "ಹಂಗಾದ್ರೆ ನಾವು ಶಿವಮೊಗ್ಗಕ್ಕೇ ಹೋಗ್ತೀವ್ರಿ." ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ರೋಗಿಗಳು ಕೈತಪ್ಪಿ ಹೋದಾರೆಂದು ಮಾಲೀಕರು ಆ ವಾರವೇ ಎರಡನೆಯ ಪಂಪು ತರಿಸಿದರು. ಮುಂದಿನ ತಿಂಗಳು ಹಳೆಯದು ಕೆಟ್ಟಿತು. ಯಾರ ಡಯಾಲಿಸಿಸ್ಸೂ ನಿಲ್ಲಲಿಲ್ಲ.

ಮೇಡಂ ನನ್ನನ್ನು ಕ್ಷಮಿಸಲಿಲ್ಲ. ನಾನು ಚಹಾ ತಂದುಕೊಟ್ಟರೆ ಲೋಟ ಪಕ್ಕಕ್ಕೆ ಸರಿಸುತ್ತಿದ್ದರು. ಹೋದ ವರ್ಷ ಹೃದಯಾಘಾತವಾಗಿ ತೀರಿಕೊಂಡರು.

ಮೊನ್ನೆ ಆಸ್ಪತ್ರೆ ನೋಡಲು ಬಂದವರಿಗೆ ಮಾಲೀಕರು ಎರಡೂ ಪಂಪು ತೋರಿಸಿ, "ಇದು ನಂದೇ ಐಡಿಯಾ" ಎಂದರು.

"ಅಲ್ಲ ಸರ್," ಎಂದೆ. "ಇದನ್ನ ಹಾಕ್ಸಿದ್ದು ನಮ್ಮ ಮೇಡಂ. ಸುಳ್ಳು ಅಂಕಿ ಬರೆದು ಸುಮ್ನಿದ್ದೋನು ನಾನು."