ಮಿಶಿನ್ ಮುದುಕಪ್ಪನ ಬಿಳಿ ಎತ್ತು

ಕಂಪ್ಲಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದ ಮುದುಕಪ್ಪನಿಗೆ ಇದ್ದದ್ದು ಒಂದೇ ಆಸೆ: ಜನ ತನ್ನನ್ನು ಪೇಂಟರ್ ಎನ್ನಬೇಕು. ಕೈಯಲ್ಲಿ ಬ್ರಷ್ ಇದ್ದಾಗ ಹಾಗೇ ಅನ್ನುತ್ತಿದ್ದರು. ಎಪ್ಪತ್ತೆಂಟನೇ ಇಸವಿಯಲ್ಲಿ ಸಂಡೂರಿನ ಗಣಿ ವರ್ಕ್‌ಶಾಪಿನಿಂದ ಗಾಳಿಯ ಒತ್ತಡಕ್ಕೆ ಬಣ್ಣ ಚಿಮ್ಮುವ ಹಳೇ ಮಿಶಿನ್ ತಂದ ನೋಡಿ, ಹೆಸರೇ ಕೆಟ್ಟಿತು.

"ಬಣ್ಣ ಹೊಡಿಯೋದು ಮಿಶಿನ್ನು, ಇವ ಬರೇ ಪೈಪು ಹಿಡಕಂಡಿರ್ತಾನ" ಎಂದು ಅವನನ್ನು ಮಿಶಿನ್ ಮುದುಕಪ್ಪ ಮಾಡಿಬಿಟ್ಟರು. ನಮ್ಮೂರಿನವರ ನಾಲಿಗೆಗೆ ಎಲುಬಿಲ್ಲ.

ಆ ವರ್ಷದ ಕಾರಹುಣ್ಣಿಮೆಗೆ ಅಕ್ಕಿಗಿರಣಿಯ ದೊಡ್ಡಬಸಪ್ಪ ತನ್ನ ಕೆಂದೆತ್ತನ್ನು ಮುದುಕಪ್ಪನ ಶೆಡ್ಡಿಗೆ ಹೊಡೆದುಕೊಂಡು ಬಂದ. ಊರಬಾಗಿಲ ತೋರಣ ಕಡಿದು ಕರಿ ಹರಿಯುವ ಓಟದಲ್ಲಿ ಬಿಳಿ ಎತ್ತು ಗೆದ್ದರೆ ಆ ವರ್ಷ ಭತ್ತ, ಕೆಂಪು ಗೆದ್ದರೆ ಕಬ್ಬು ಎಂಬುದು ನಮ್ಮೂರ ನಂಬಿಕೆ. ಕಾಲುವೆ ನೀರು ಬಂದಮೇಲೂ ರೈತರು ಎತ್ತನ್ನು ಕೇಳಿಯೇ ಬಿತ್ತುತ್ತಿದ್ದರು. ದೊಡ್ಡಬಸಪ್ಪನ ಪೇಚು ಇಷ್ಟೇ: ಗಿರಣಿಗೆ ಬೇಕಾದದ್ದು ಭತ್ತ, ಗೆಲ್ಲುವ ಎತ್ತು ಕೆಂಪು.

"ಇದನ್ನ ಬೆಳ್ಳಗ ಮಾಡಲೇ ಮಿಶಿನ್ನು. ಸುಣ್ಣ ಸಾಕು, ನಾಳೆ ತೊಳಕಂತೀನಿ."

ತೊಳೆದರೆ ಹೋಗುವ ಬಣ್ಣ! ಪೇಂಟರ್‌ಗೆ ಇದಕ್ಕಿಂತ ಅವಮಾನ ಬೇಕೆ? ಸೋಸಿದ ಸುಣ್ಣಕ್ಕೆ ಗುಟ್ಟಾಗಿ ಅಗಸೆ ಎಣ್ಣೆ ಬೆರೆಸಿ, ಎತ್ತಿನ ಕಣ್ಣಿಗೆ ಹೆಂಡತಿ ನೀಲಗಂಗಮ್ಮನ ಹಳೇ ಸೀರೆ ಕಟ್ಟಿ ಮಿಶಿನ್ ಬಿಟ್ಟ. ಎತ್ತಿನ ಜೊತೆ ಅವನ ಮೀಸೆಯೂ ಬೆಳ್ಳಗಾಯಿತು.

ಎತ್ತು ಯಾರದು, ಅದರ ನಿಜ ಬಣ್ಣ ಯಾವುದು ಎಂದು ಊರಿಗೇ ಗೊತ್ತಿತ್ತು. "ಹಬ್ಬಕ್ಕ ಬಣ್ಣ ಹಚ್ಚಬ್ಯಾಡ ಅಂತ ಯಾರು ಹೇಳ್ಯಾರ?" ಎಂದು ಹಿರಿಯರೇ ಒಪ್ಪಿಕೊಂಡರು. ಓಟದ ನಡುವೆ ಮಳೆ ಸುರಿದಾಗ ದೊಡ್ಡಬಸಪ್ಪನ ಜೀವ ಬಾಯಿಗೆ ಬಂತು. ಎಣ್ಣೆ ಕುಡಿದ ಬಣ್ಣ ಮಿಸುಕಲಿಲ್ಲ. ಬಿಳಿ ಎತ್ತು ಗೆದ್ದಿತು, ಊರೆಲ್ಲ ಭತ್ತವೆಂದು ತೀರ್ಮಾನವಾಯಿತು.

ಮರುದಿನ ಸೋಪು ಹಾಕಿದರು, ಹುಲ್ಲಿನಿಂದ ತಿಕ್ಕಿದರು, ಕಾಲುವೆಯಲ್ಲಿ ಮುಳುಗಿಸಿದರು. ಬಣ್ಣ ಹೋಗಲಿಲ್ಲ. ಅದರ ಜೋಡಿಯಾದ ಇನ್ನೊಂದು ಕೆಂದೆತ್ತು ಈ ಬಿಳಿಯನ ಗುರುತೇ ಹಿಡಿಯದೆ ಹಾಯಲು ಹೋಯಿತು. ನೊಗಕ್ಕೆ ಕೊರಳು ಕೊಡಲೊಲ್ಲದು. ಊರಿಗೆಲ್ಲ ಭತ್ತ ಹಚ್ಚಿಸಿದವನ ಗದ್ದೆಯೇ ಉಳುಮೆಯಿಲ್ಲದೆ ಬಿದ್ದಿತ್ತು.

ಕೊನೆಗೆ ದೊಡ್ಡಬಸಪ್ಪ ಎರಡನ್ನೂ ಶೆಡ್ಡಿಗೆ ತಂದ. ಮುದುಕಪ್ಪ ಬೈಗುಳಕ್ಕೆ ಸಿದ್ಧನಾಗಿ ನಿಂತ. ದೊಡ್ಡಬಸಪ್ಪ ಬಿಳಿ ಬೆನ್ನನ್ನು ಉಗುರಿನಿಂದ ಕೆರೆದು ನೋಡಿ, ಸೋತ ಉಸಿರು ಬಿಟ್ಟ.

"ಭಾಳ ಗಟ್ಟಿ ಬಣ್ಣ ಐತ್ರಿ, ಪೇಂಟರ್ರೇ. ಇನ್ನೊಂದಕ್ಕೂ ಹೊಡೀರಿ."

ಮುದುಕಪ್ಪ ಮಿಶಿನ್ನಿನ ಗುಂಡಿ ಒತ್ತಲು ಹೋದ. ಕಣ್ಣು ತುಂಬಿ ಗುಂಡಿ ಕಾಣಲಿಲ್ಲ.