ಕುಡಿ ತೊಂಬತ್ತು

ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೆ ಕುಂಕುಮ ಇಡುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಯಂತ್ರಕ್ಕೇನು ಮಣ್ಣು ಗೊತ್ತಾಗುತ್ತದೆ? ಬರೆದದ್ದನ್ನು ಮಾಡುತ್ತದೆ, ಬರೆಯದಿದ್ದರೆ ಸುಮ್ಮನೆ ಬಿದ್ದಿರುತ್ತದೆ. ಹೀಗೆಂದು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಅವರಿಗೂ ಅದೇ ಗತಿಯಾಗುತ್ತಿತ್ತು. ನೀವು ನಂಬಲೇಬೇಕೆಂದು ನಾನೇನೂ ಹಟ ಮಾಡುವುದಿಲ್ಲ.

ಆಗ ಕೋಲಾರದ ಹತ್ತಿರ ಕೊನೆಯ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೆ. ರೋಬೋ ಸ್ಪರ್ಧೆಗೆ ನಮ್ಮದು ಮೂವರ ತಂಡ. ಮಾಲೂರಿನ ನಾನು ಲೀಡರ್. ಮುಳಬಾಗಿಲಿನ ಸುಲ್ತಾನಾ ವೈರು, ಮೋಟರು ನೋಡಿಕೊಳ್ಳುತ್ತಿದ್ದಳು. ಗೌನಿಪಲ್ಲಿಯ ಚಲಪತಿ ನನ್ನ ಜೊತೆ ಕೋಡ್ ಬರೆಯುತ್ತಿದ್ದ. ಸ್ಪರ್ಧೆಯ ಮೊದಲ ಮೂವತ್ತು ಸೆಕೆಂಡು ರೋಬೋವನ್ನು ಯಾರೂ ಮುಟ್ಟುವಂತಿಲ್ಲ. ಅದು ತಾನಾಗಿಯೇ ಮುಂದೆ ಹೋಗಿ, ಎಡಕ್ಕೆ ತಿರುಗಿ, ಒಂದು ಮೀಟರ್ ನಡೆದು ಚೆಂಡನ್ನು ಗೂಡಿಗೆ ತಳ್ಳಬೇಕು. ಗೆಲುವು ನನಗೆ ಬೇಕೇ ಬೇಕಿತ್ತು. ಆ ವರ್ಷ ನಮ್ಮಪ್ಪ ಕುಡಿದು ಬಂದು ಕಾಲೇಜು ಗೇಟಿನಲ್ಲಿ ಬಿದ್ದಿದ್ದ. ಇಡೀ ತರಗತಿ ನೋಡಿತ್ತು. ನನ್ನ ಹೆಸರು ಹೇಳಿದರೆ ಜನಕ್ಕೆ ಆ ಗೇಟು ಬಿಟ್ಟು ಬೇರೇನಾದರೂ ನೆನಪಾಗಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ರೋಬೋ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗತೊಡಗಿತು. ಚಲಪತಿ ಊಟಕ್ಕೆ ಹೋಗಿದ್ದ. ಸುಲ್ತಾನಾ ಮೋಟರು ಬಿಚ್ಚಿ ನೋಡಿ ಎಲ್ಲ ಸರಿಯಾಗಿದೆ ಎಂದಳು. ನಾನು ಕೋಡನ್ನು ಸಾಲು ಸಾಲಾಗಿ ಓದುತ್ತ ಹೋದೆ. ಎಡಕ್ಕೆ ತಿರುಗುವ ಆಜ್ಞೆಗೆ ನಾನು ‘ಎಡ’ ಎಂದೇ ಹೆಸರಿಟ್ಟಿದ್ದೆ, ಪಕ್ಕದಲ್ಲಿ ಅಂಕಿ ಏನೂ ಇರಲಿಲ್ಲ. ಅದರ ಜಾಗದಲ್ಲಿ ಚಲಪತಿ ಬರೆದ ಹೊಸ ಸಾಲೊಂದಿತ್ತು. ‘ಕುಡಿ’, ಪಕ್ಕದಲ್ಲಿ ತೊಂಬತ್ತು.

ನೈಂಟಿ ಎಂದರೇನೆಂದು ಕುಡುಕನ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಪ್ಪ ಬ್ರಾಂದಿ ಅಂಗಡಿಯಲ್ಲಿ ಕೇಳುತ್ತಿದ್ದುದೇ ಆ ತೊಂಬತ್ತು ಎಂಎಲ್. ರೋಬೋವನ್ನು ಕೆಡಿಸಿದ್ದೂ ಅದೇ ಸಾಲು, ನನ್ನನ್ನು ಅಣಕಿಸಿದ್ದೂ ಅದೇ ಸಾಲು ಎಂದುಕೊಂಡೆ. ಪಿತ್ತ ನೆತ್ತಿಗೇರಿತು. ಯಾರಿಗೂ ತೋರಿಸದೆ ಅದನ್ನು ಅಳಿಸಿ ‘ಎಡ’ ಎಂದು ಬರೆದೆ. ಅಷ್ಟರಲ್ಲಿ ಚಲಪತಿ ಬಂದ.

“ನಮ್ಮಪ್ಪನ ವಿಷ್ಯ ನಿನಗೆ ತಮಾಷೆನಾ?” ಎಂದೆ.

“ಯಾಕೆ, ನಾನೇನ್ ಮಾಡ್ದೆ?”

“ನೀನ್ ಬರ್ದಿರೋದು ನೋಡ್ದೆ. ಹೋಗಾಚೆ.”

“ಏನ್ ಬರ್ದಿದೀನಿ, ತೋರ್ಸು.”

ತೋರಿಸಲು ಸಾಲು ಉಳಿದಿರಲಿಲ್ಲ. ಇಡೀ ಲ್ಯಾಬಿನ ಮುಂದೆ ಅವನಿಗೆ, ಅವನ ಊರಿಗೆ, ಅವನ ತೆಲುಗು ಬೆರೆತ ಕನ್ನಡಕ್ಕೆ ಬಾಯಿಗೆ ಬಂದಂತೆ ಬೈದೆ. ಅವನು ಬ್ಯಾಗು ತೆಗೆದುಕೊಂಡ. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತ, ಕರೆಯುತ್ತೇನೇನೋ ಎಂದು. ನಾನು ಕರೆಯಲಿಲ್ಲ.

ಇನ್ನು ಮುಂದೆ ನಡೆದದ್ದನ್ನು ಕಂಡಷ್ಟೇ ಹೇಳುತ್ತೇನೆ. ತಿದ್ದಿದ ಪ್ರೋಗ್ರಾಂ ಹಾಕಿ ರೋಬೋವನ್ನು ನೆಲಕ್ಕೆ ಬಿಟ್ಟೆ. ಅದು ಬಲಕ್ಕೆ ತಿರುಗಿತು. ಒಂದು ಮೀಟರಿಗೆ ನಿಲ್ಲಬೇಕಾದದ್ದು ನಾಲ್ಕು ಮೀಟರ್ ಹೋಗಿ ಬಾಗಿಲ ಹೊಸ್ತಿಲಲ್ಲಿ ನಿಂತಿತು. ಹಳೆಯ ಪ್ರೋಗ್ರಾಮೇ ಉಳಿದಿರಬಹುದೆಂದುಕೊಂಡು, ಪರೀಕ್ಷಿಸಲು, ಹೊರಡುವಾಗ ಒಂದು ಸಲ ಕೂಗುತ್ತಿದ್ದ ಬಜರನ್ನು ಎರಡು ಸಲ ಕೂಗುವಂತೆ ಬದಲಿಸಿದೆ. ಎರಡು ಸಲ ಕೂಗಿತು. ಅಂದರೆ ಓಡುತ್ತಿದ್ದುದು ಹೊಸದೇ. ಆದರೂ ಬಲಕ್ಕೆ ತಿರುಗಿ, ಅದೇ ಹೊಸ್ತಿಲಿಗೆ ಹೋಯಿತು. ಎಲ್ಲವನ್ನೂ ಅಳಿಸಿ ಮೊದಲಿಂದ ಬರೆದು ಮೂರನೇ ಸಲ ಬಿಟ್ಟಾಗಲೂ ಅಷ್ಟೆ.

“ಬ್ಯಾಟ್ರಿ ಕೀಳು, ನಂಗೆ ಹೆದ್ರಿಕೆ ಆಗ್ತಿದೆ ಕಣೇ” ಎಂದಳು ಸುಲ್ತಾನಾ. ಬ್ಯಾಟರಿ ಕಿತ್ತೆ. ರೋಬೋವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀಲಿ ನನ್ನ ಬಳಿಯೇ ಇಟ್ಟುಕೊಂಡೆ.

ಮರುದಿನ ರೋಬೋವನ್ನು ತೀರ್ಪುಗಾರರಿಗೆ ಒಪ್ಪಿಸಿದ ಮೇಲೆ ತಿಳಿಯಿತು, ಅಂಕಣದಲ್ಲಿ ನಾವು ಹೊರಡುವ ಬದಿ ಬದಲಾಗಿದೆ. ಎದುರು ಬದಿಯಿಂದ ಹೊರಟರೆ ತಿರುಗಬೇಕಾದದ್ದು ಬಲಕ್ಕೆ. ಸಂದೇಶ ಹಿಂದಿನ ದಿನವೇ ನಮ್ಮ ಮೊಬೈಲುಗಳಿಗೆ ಬಂದಿತ್ತಂತೆ. ಗಡಿಬಿಡಿಯಲ್ಲಿ ನಾನೂ ಸುಲ್ತಾನಾಳೂ ನೋಡಿರಲಿಲ್ಲ. ಒಪ್ಪಿಸಿದ ಮೇಲೆ ಕೋಡ್ ಮುಟ್ಟುವಂತಿರಲಿಲ್ಲ. ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡು ಎಂದು, ಕುಂಕುಮ ಇಡುವವರನ್ನು ಕಂಡರೆ ಉರಿದುಬೀಳುತ್ತಿದ್ದ ನಾನು ಆ ಯಂತ್ರಕ್ಕೆ ಕೈ ಮುಗಿದೆ. ಬಜರು ಎರಡು ಸಲ ಕೂಗಿತು. ರೋಬೋ ಮುಂದೆ ಹೋಯಿತು. ನಾನು ಬರೆದಂತೆಯೇ, ಚೂರೂ ತಪ್ಪದೆ, ಎಡಕ್ಕೆ ತಿರುಗಿ ಅಂಕಣದ ಗೋಡೆಗೆ ಗುದ್ದಿ ನಿಂತಿತು.

ವಾಪಸು ಬರುವ ಬಸ್ಸಿನಲ್ಲಿ ಸುಲ್ತಾನಾ ಕೇಳಿದಳು, “ಅವ್ನು ಬರ್ದಿದ್ದಾದ್ರೂ ಏನು?” ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

“ಕುಡಿ ಅಂದ್ರೆ ತೆಲುಗಲ್ಲಿ ಬಲಗಡೆ ಕಣೇ. ಬದಿ ಬದ್ಲಾಗಿರೋದು ನೋಡಿ, ಬಲಕ್ಕೆ ತೊಂಬತ್ತು ಡಿಗ್ರಿ ತಿರುಗು ಅಂತ ಬರ್ದಿದಾನೆ.”

ನಮ್ಮ ಜಿಲ್ಲೆಯಲ್ಲಿ ತೆಲುಗು ಬಾರದವರು ಕಡಿಮೆ. ಆ ಕಡಿಮೆಯವರಲ್ಲಿ ನಾನೊಬ್ಬಳು. ಊರು ಬರುವವರೆಗೆ ನಾನು ತಲೆ ಎತ್ತಲಿಲ್ಲ.

ಚಲಪತಿಗೆ ಫೋನ್ ಮಾಡಲು ನನಗೆ ಎರಡು ತಿಂಗಳು ಬೇಕಾಯಿತು. ತಪ್ಪಾಯಿತು ಎಂದೆ. ಆ ಸಾಲು ಅಳಿಸಿದ ಮೇಲೂ ರೋಬೋ ಬಲಕ್ಕೆ ತಿರುಗಿದ್ದನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡ.

“ಬಲಕ್ಕೆ ತಿರುಗೋಕೆ ನಾನ್ ಬರ್ದಿದ್ದು ಅದೊಂದೇ ಸಾಲು. ಅದನ್ನ ನೀನೇ ಅಳಿಸಿದೀಯ. ಇನ್ಮೇಲೆ ಫೋನ್ ಮಾಡ್ಬೇಡ” ಎಂದು ಇಟ್ಟುಬಿಟ್ಟ.

ತಿಳಿದವರನ್ನು ಕೇಳಿದ್ದೇನೆ. ವೈರು ಸಡಿಲವಾಗಿರಬೇಕು ಎನ್ನುತ್ತಾರೆ. ಬೀಗ ಹಾಕಿದ ಪೆಟ್ಟಿಗೆಯೊಳಗೆ ರಾತ್ರೋರಾತ್ರಿ ಅದು ತಾನೇ ಸರಿಹೋಯಿತೇ? ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಚಲಪತಿ ನಿಂತು ಹೋದ ಆ ಹೊಸ್ತಿಲಿಗೆ ರೋಬೋ ಮೂರು ಸಲ ಹೋಯಿತು. ನಾನು ಒಂದು ಸಲವೂ ಹೋಗಲಿಲ್ಲ.